ಹಸಿರು ದೀಪವನ್ನು ಎಷ್ಟು ನಂಬಬೇಕು?

ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ನೆಟ್‌ವರ್ಕ್ ಸ್ವಿಚ್ಚನ್ನು ನೀವು ನೋಡಿರುತ್ತೀರಿ. ಬೇರೆ ಕಟ್ಟಡದಿಂದ ಬರುವ ಆಪ್ಟಿಕಲ್ ಫೈಬರ್, ಅಂದರೆ ದ್ಯುತಿತಂತು, ಅದರ ಒಂದು ಪೋರ್ಟಿಗೆ ಸೇರಿರುತ್ತದೆ. ಪೋರ್ಟಿನ ಪಕ್ಕದ ಹಸಿರು ದೀಪ ಉರಿಯುತ್ತಿದ್ದರೆ ಎಲ್ಲವೂ ಸರಿಯಾಗಿದೆ ಎಂದು ನಾವು ತಿಳಿಯುತ್ತೇವೆ. ಆದರೆ ಆ ದೀಪ ಹೇಳುವುದು, ಬರುತ್ತಿರುವ ಬೆಳಕಿನಲ್ಲಿ ಸಂಕೇತಗಳನ್ನು ಗುರುತಿಸಲು ಸಾಧ್ಯವಾಗುತ್ತಿದೆ ಎಂದಷ್ಟೇ. ಬೆಳಕು ಎಷ್ಟು ಕುಗ್ಗಿದೆ ಎಂಬುದನ್ನು ಅದು ಹೇಳದು.

ಈ ಕೊರತೆಯನ್ನು ನೀಗಿಸಲು 2000ದ ದಶಕದ ಆರಂಭದಲ್ಲಿ ಎಸ್‌ಎಫ್‌ಎಫ್-8472 ಎಂಬ ಮಾನಕ ಬಂದಿತು. ಪೋರ್ಟಿಗೆ ಸಿಕ್ಕಿಸುವ ಪುಟ್ಟ ಎಸ್‌ಎಫ್‌ಪಿ ಮಾಡ್ಯೂಲ್ ಐದು ಅಳತೆಗಳನ್ನು ಸ್ವಿಚ್ಚಿಗೆ ತಿಳಿಸುವ ಕ್ರಮವನ್ನು ಅದು ಗೊತ್ತುಪಡಿಸಿತು. ಅವು ಉಷ್ಣತೆ, ವೋಲ್ಟೇಜ್, ಲೇಸರಿಗೆ ಹರಿಯುವ ವಿದ್ಯುತ್ ಪ್ರವಾಹ, ಹೊರಡುವ ಬೆಳಕಿನ ಸಾಮರ್ಥ್ಯ ಮತ್ತು ಒಳಬರುವ ಬೆಳಕಿನ ಸಾಮರ್ಥ್ಯ. ತಂತುವನ್ನು ಕಳಚಿ ಮಾಪಕಕ್ಕೆ ಜೋಡಿಸಿ ತಿಳಿಯಬೇಕಾಗಿದ್ದುದು ಈಗ ಸಂಪರ್ಕ ಕಡಿಯದೆಯೇ ತಿಳಿಯುತ್ತದೆ. ಇದು ದೊಡ್ಡ ಉಪಕಾರವೇ ಸರಿ. ಆದರೂ ಇದರಲ್ಲಿ ಮೂರು ಕುಂದುಗಳಿವೆ.

ಮೊದಲನೆಯದು ನಿಖರತೆಯದು. ಬೆಳಕಿನ ಸಾಮರ್ಥ್ಯವನ್ನು ಡಿಬಿಎಂ ಎಂಬ ಮಾನದಲ್ಲಿ ಹೇಳುತ್ತಾರೆ. 0 ಡಿಬಿಎಂ ಎಂದರೆ 1 ಮಿಲಿವ್ಯಾಟ್; -10 ಎಂದರೆ 0.1 ಮಿಲಿವ್ಯಾಟ್. ಮಾನಕ ಒಪ್ಪುವ ದೋಷ ಮೇಲಕ್ಕೂ ಕೆಳಕ್ಕೂ 3 ಡೆಸಿಬೆಲ್, ಅಂದರೆ ಸುಮಾರು ಎರಡು ಪಟ್ಟು! ನೂರು ಗ್ರಾಮನ್ನು ಐವತ್ತು ಎಂದೋ ಇನ್ನೂರು ಎಂದೋ ತೋರಿಸುವ ತಕ್ಕಡಿಯನ್ನು ನಿಮ್ಮ ಪ್ರಯೋಗಾಲಯದಲ್ಲಿ ಇಟ್ಟುಕೊಳ್ಳುವಿರಾ? ಆದರೆ ಒಂದೇ ಮಾಡ್ಯೂಲ್ ಸಾಮಾನ್ಯವಾಗಿ ಇಂದೂ ನಾಳೆಯೂ ಒಂದೇ ರೀತಿ ತಪ್ಪುತ್ತದೆ. ಆದ್ದರಿಂದ ಅದು ತೋರಿಸುವ ಸಂಖ್ಯೆಗಿಂತ ಸಂಖ್ಯೆಯಲ್ಲಾದ ಬದಲಾವಣೆ ಹೆಚ್ಚು ವಿಶ್ವಾಸಾರ್ಹ.

ಎರಡನೆಯದು ಎಚ್ಚರಿಕೆಯ ಮಿತಿಗಳದು. ಇವನ್ನು ಮಾಡ್ಯೂಲಿನ ತಯಾರಕರೇ ನಿಗದಿಪಡಿಸಿರುತ್ತಾರೆ. ನಿಮ್ಮ ತಂತುವಿನ ಸ್ಥಿತಿ ಅವರಿಗೆ ತಿಳಿಯದು. 10 ಕಿಲೋಮೀಟರ್ ದೂರದವರೆಗೆ ಬಳಸುವ 10ಜಿಬೇಸ್-ಎಲ್‌ಆರ್ ಸಂಪರ್ಕದಲ್ಲಿ ಗ್ರಾಹಿಗೆ ಬರುವ ಬೆಳಕಿನ ಕೆಳಮಿತಿ -14.4 ಡಿಬಿಎಂ. ಅಳವಡಿಸಿದ ದಿನ -5 ಇದ್ದದ್ದು ಆರು ತಿಂಗಳಲ್ಲಿ -10ಕ್ಕೆ ಇಳಿಯಿತೆನ್ನಿ. ಬೆಳಕು ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆಯಾಗಿದೆ. ಆದರೆ ಮಿತಿ ದಾಟದ ಕಾರಣ ಸ್ವಿಚ್ ‘ಸಹಜ’ ಎನ್ನುತ್ತದೆ, ದೀಪವೂ ಹಸಿರಾಗಿಯೇ ಇರುತ್ತದೆ.

ಮೂರನೆಯದು, ಮಾನಕ ಅಂಕಿಗಳನ್ನು ಕೊಡುತ್ತದೆಯೇ ಹೊರತು ಅರ್ಥವನ್ನಲ್ಲ. 2017ರ ಸಿಗ್‌ಕಾಮ್ ಸಮ್ಮೇಳನದಲ್ಲಿ 15 ದತ್ತಾಂಶ ಕೇಂದ್ರಗಳ ಮೂರೂವರೆ ಲಕ್ಷ ಸಂಪರ್ಕಗಳ ಅಧ್ಯಯನವೊಂದು ಪ್ರಕಟವಾಯಿತು. ಅದು ತೋರಿಸಿದ ದಾರಿ ಸರಳವಾದದ್ದು: ಎರಡೂ ತುದಿಗಳ ಅಂಕಿಗಳನ್ನು ಒಟ್ಟಿಗೆ ಓದಬೇಕು. ಒಂದು ತುದಿಯಲ್ಲಿ ಮಾತ್ರ ಒಳಬರುವ ಬೆಳಕು ಕುಗ್ಗಿದ್ದರೆ ಕನೆಕ್ಟರಿನಲ್ಲಿ ಕೊಳೆಯಿರುವ ಸಂಭವ ಹೆಚ್ಚು. ಎರಡೂ ಕಡೆ ಕುಗ್ಗಿದ್ದರೆ ತಂತು ಬಾಗಿರಬಹುದು ಅಥವಾ ಹಾನಿಗೊಂಡಿರಬಹುದು. ಹೊರಡುವ ಬೆಳಕೇ ಕಡಿಮೆಯಿದ್ದರೆ ಲೇಸರ್ ಸವೆದಿದೆ. ಬೆಳಕೆಲ್ಲ ಸರಿಯಿದ್ದೂ ದೋಷಗಳು ಬರುತ್ತಿದ್ದರೆ ಮಾಡ್ಯೂಲ್ ಸಡಿಲವಾಗಿದೆ ಅಥವಾ ಕೆಟ್ಟಿದೆ.

ಆದ್ದರಿಂದ ಬೆಳಕಿನ ಜೊತೆಗೆ ಪೋರ್ಟಿನ ಸಿಆರ್‌ಸಿ ದೋಷಗಳ ಎಣಿಕೆಯನ್ನೂ ನೋಡಿ. ಹತ್ತು ಗಿಗಾಬಿಟ್ ಈಥರ್ನೆಟ್ ಮಾನಕ ಲಕ್ಷ ಕೋಟಿ ಬಿಟ್‌ಗಳಿಗೆ ಒಂದು ದೋಷವನ್ನು ಸಹಿಸುತ್ತದೆ. ಆ ವೇಗದಲ್ಲಿ ಅಷ್ಟು ಬಿಟ್‌ಗಳು ಹಾಯಲು 100 ಸೆಕೆಂಡು ಸಾಕು. ಎಣಿಕೆ ಅಪರೂಪಕ್ಕೆ ಒಂದು ಏರಿದರೆ ಗಾಬರಿ ಬೇಡ. ಬಿಡದೆ ಏರುತ್ತಿದ್ದರೆ ಮಾತ್ರ ಸುಮ್ಮನಿರಬೇಡಿ. ಒಂದು ಬಿಟ್ ಕೆಟ್ಟರೂ ಇಡೀ ಚೌಕಟ್ಟನ್ನು, ಅಂದರೆ ಫ್ರೇಮನ್ನು, ಸ್ವಿಚ್ ಎಸೆದುಬಿಡುತ್ತದೆ. ಅದನ್ನು ಮತ್ತೆ ಕಳಿಸಬೇಕಾಗುತ್ತದೆ. ‘ನೆಟ್‌ವರ್ಕ್ ನಿಧಾನ’ ಎಂದು ಬಳಸುವವರು ದೂರುತ್ತಾರೆ. ದೀಪ ಹಸಿರಾಗಿರುವುದರಿಂದ ತಪ್ಪೆಲ್ಲ ಕಂಪ್ಯೂಟರಿನ ತಲೆಗೆ ಬರುತ್ತದೆ, ಸುಸ್ಥಿತಿಯಲ್ಲಿರುವ ಯಂತ್ರಗಳನ್ನು ಬದಲಾಯಿಸಲು ಹಣ ವ್ಯರ್ಥವಾಗುತ್ತದೆ.

ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಅಳವಡಿಸಿದ ದಿನವೇ ಎರಡೂ ತುದಿಗಳ ಐದು ಅಳತೆಗಳನ್ನೂ ದೋಷಗಳ ಎಣಿಕೆಯನ್ನೂ ಪುಸ್ತಕದಲ್ಲಿ ಬರೆದಿಡಿ. ತಿಂಗಳಿಗೊಮ್ಮೆ ಹೋಲಿಸಿ ನೋಡಿ. ಲೇಸರಿನ ಪ್ರವಾಹ ಏರುತ್ತಿದ್ದರೆ, ಅದೇ ಬೆಳಕು ಕೊಡಲು ಅದು ಹೆಚ್ಚು ಶ್ರಮಿಸುತ್ತಿದೆ ಎಂದು ತಿಳಿಯಿರಿ. ಬೆಳಕು ಕುಗ್ಗಿದ್ದರೆ ಮೊದಲು ಕನೆಕ್ಟರನ್ನು ತಕ್ಕ ಸಾಧನದಿಂದ ಶುಚಿಗೊಳಿಸಿ. ಏಕಮೋಡ್ ತಂತುವಿನಲ್ಲಿ ಬೆಳಕು ಸಾಗುವ ತಿರುಳಿನ ವ್ಯಾಸ ಸುಮಾರು 9 ಮೈಕ್ರೋಮೀಟರ್. ಒಂದು ಧೂಳಿನ ಕಣ ಅದನ್ನು ಮುಚ್ಚಬಲ್ಲದು. ತಂತುವಿನ ತುದಿಯನ್ನು ಎಂದಿಗೂ ಕಣ್ಣಿಗೆ ಹಿಡಿದು ನೋಡಬೇಡಿ. ಈ ಬೆಳಕು ಅವಕೆಂಪು, ಕಣ್ಣಿಗೆ ಕಾಣದೆಯೇ ಹಾನಿ ಮಾಡಬಲ್ಲದು.

ಇನ್ನೊಂದು ಮಾತು: ಈ ಅಳತೆಗಳ ಸೌಲಭ್ಯ ಮಾಡ್ಯೂಲುಗಳಲ್ಲಿ ಕಡ್ಡಾಯವಲ್ಲ. ನಿಮ್ಮ ಸಂಸ್ಥೆ ಹೊಸ ಮಾಡ್ಯೂಲ್ ಕೊಳ್ಳುವಾಗ ಅದು ಇದೆಯೇ ಎಂದು ಕೇಳಿ ತಿಳಿದೇ ಕೊಳ್ಳಿ.