ಮಾತಾಡಿಸುವವರಿಲ್ಲದ ಕಾವ್ಯ

ಫಿಲಿಪ್ಪೀನ್ಸ್ ಎಂದರೆ ಕ್ರೈಸ್ತರ ದೇಶ ಎಂಬಷ್ಟೇ ನಮ್ಮಲ್ಲಿ ಹಲವರ ತಿಳುವಳಿಕೆ. ಅದರ ದಕ್ಷಿಣದ ಮಿಂಡನಾವೊ ದ್ವೀಪದಲ್ಲಿ ಲನಾವೊ ಎಂಬ ದೊಡ್ಡ ಸರೋವರವಿದೆ. ಅದರ ಸುತ್ತ ನೆಲೆಸಿರುವ ಮರನಾವೊ ಜನರು ಮುಸ್ಲಿಮರು. ತಲೆಮಾರುಗಳಿಂದ ಅವರ ಬಾಯಲ್ಲಿ ಉಳಿದು ಬಂದ ಮಹಾಕಾವ್ಯವೇ 'ದರಂಗೆನ್'. ಹಾಡಿ ಹೇಳುವುದು ಎಂಬುದೇ ಈ ಹೆಸರಿನ ಅರ್ಥ. ಇದರಲ್ಲಿ 17 ಕಥಾಚಕ್ರಗಳೂ ಸುಮಾರು 72,000 ಸಾಲುಗಳೂ ಇವೆ. ಮದುವೆ ಮನೆಗಳಲ್ಲಿ ಹಲವು ರಾತ್ರಿಗಳ ಕಾಲ ಗಾಯಕರೂ ಗಾಯಕಿಯರೂ ಇದನ್ನು ಹಾಡುವ ರೂಢಿ. 2005ರಲ್ಲಿ ಯುನೆಸ್ಕೊ ಇದನ್ನು ಮನುಕುಲದ ಪರಂಪರೆ ಎಂದು ಘೋಷಿಸಿತು.

ಇದರ ನಾಯಕ ಬಂಟುಗನ್ ಎಂಬ ರಾಜಕುಮಾರ. ಅವನ ಶೌರ್ಯವನ್ನು ಕಂಡು ಕರುಬಿದ ಅರಸ, ಅಂದರೆ ಅವನ ಒಡಹುಟ್ಟಿದವನೇ, ಇವನೊಡನೆ ಯಾರೂ ಮಾತಾಡಕೂಡದೆಂದು ಆಜ್ಞೆ ಹೊರಡಿಸುತ್ತಾನೆ. ಊರು ಬಿಟ್ಟು ಅಲೆದ ಬಂಟುಗನ್ ಪರನಾಡಿನಲ್ಲಿ ಸಾಯುತ್ತಾನೆ. ಕೊನೆಗೆ ಸ್ವರ್ಗದಿಂದ ಅವನ ಜೀವವನ್ನು ತಂದು ಬದುಕಿಸಲಾಗುತ್ತದೆ. ಕಾವ್ಯದ ತುಂಬ ಯುದ್ಧಗಳಿವೆ. ಆದರೆ ನಾಯಕನನ್ನು ಇಲ್ಲಿ ಕೊಂದದ್ದು ಕತ್ತಿಯಲ್ಲ, ಮೌನ. ಬಾಯಿಮಾತಿನಲ್ಲೇ ಬದುಕುವ ಸಮಾಜವೊಂದು ಮಾತ್ರ ಇಂಥ ಶಿಕ್ಷೆಯನ್ನು ಕಲ್ಪಿಸಬಲ್ಲುದು ಎಂದು ನಮಗೆ ಅನಿಸುತ್ತದೆ.

ಈ ಕಾವ್ಯ ಆ ನಾಡಿಗೆ ಇಸ್ಲಾಮ್ ಬರುವುದಕ್ಕೂ ಮುಂಚಿನದು. ಹಳೆಯ ದೈವಗಳು ಅದರೊಳಗೆ ಇನ್ನೂ ಓಡಾಡಿಕೊಂಡಿವೆ. ಇದೇ ಜನರ 'ಮಹಾರಾದಿಯ ಲವನ' ಎಂಬ ರಾವಣನ ಕಥೆಯನ್ನು ಹುವಾನ್ ಫ್ರಾನ್ಸಿಸ್ಕೊ ಎಂಬ ವಿದ್ವಾಂಸರು 1969ರಲ್ಲಿ ಪ್ರಕಟಿಸಿದರು. ಅದರಲ್ಲಿ ಹಝ್ರತ್ ಜಿಬ್ರೀಲರೂ ಬರುತ್ತಾರೆ! ಇಂಥ ಹಾಡು ಮುಸ್ಲಿಮರದಾಗಲು ಹೇಗೆ ಸಾಧ್ಯ ಎಂದು ಕೆಲವು ಧರ್ಮಬೋಧಕರು ಕೇಳುತ್ತಾರೆ. ಇಸ್ಲಾಮಿನ ಪದರವನ್ನು ಕೆರೆದು ತೆಗೆದು ಅಡಿಯ ಸಂಸ್ಕೃತವನ್ನಷ್ಟೇ ಹುಡುಕುವ ವಿದ್ವಾಂಸರೂ ಇದ್ದಾರೆ. ಇವರಿಬ್ಬರಿಗೂ ಹಾಡು ಒಂದು ದಾಖಲೆ ಮಾತ್ರ. ತೌಹೀದಿನ ಪ್ರಶ್ನೆ ಹಗುರವಾದುದಲ್ಲ, ನಿಜ. ಆದರೆ ಕಥೆ ಕೇಳುವುದೇ ಆರಾಧನೆಯಾಗಿಬಿಡುವುದಿಲ್ಲ. ನಮ್ಮ ಬಿಜಾಪುರದ ಸೂಫಿಗಳು ಬೀಸುಕಲ್ಲಿನ ಹಾಡಿನ ಧಾಟಿಯನ್ನು ಹೆಂಗಸರಿಂದ ಕಸಿದುಕೊಳ್ಳಲಿಲ್ಲ. ಅದೇ ಧಾಟಿಯಲ್ಲಿ ದಖನಿ ಚಕ್ಕಿನಾಮಾಗಳನ್ನು ಕಟ್ಟಿ ಅಲ್ಲಾಹನ ಸ್ಮರಣೆಯನ್ನು ಅದಕ್ಕೆ ಸೇರಿಸಿದರು.

ಇನ್ನು ರಾಷ್ಟ್ರದ ಪ್ರೀತಿಯನ್ನು ನೋಡೋಣ. ಮನಿಲಾದ ವಿದ್ವಾಂಸರ ಲೆಕ್ಕದಲ್ಲಿ ಇದು 'ಪ್ರಾದೇಶಿಕ' ಸಾಹಿತ್ಯ. ದರಂಗೆನ್‌ನ ಪ್ರಸಂಗವೊಂದರಿಂದ ಬಂದ 'ಸಿಂಗ್ಕಿಲ್' ಎಂಬ ಬಿದಿರುಗಳ ನಡುವಿನ ಕುಣಿತವನ್ನು ಬಯನಿಹಾನ್ ನೃತ್ಯತಂಡ ಲೋಕಪ್ರಸಿದ್ಧಗೊಳಿಸಿತು. ಬೀಸಣಿಗೆ, ರಾಜಕುಮಾರಿ, ಝಗಮಗಿಸುವ ಉಡುಪು ಎಲ್ಲವೂ ಅಲ್ಲಿವೆ. ಆದರೆ ಕಾವ್ಯದ ಮಾತು ಮಾತ್ರ ಇಲ್ಲ. ಮರನಾವೊ ಜನರನ್ನು ಕಣ್ತುಂಬ ನೋಡುವ ದೇಶ ಅವರ ಮಾತಿಗೆ ಕಿವಿಗೊಡುವುದಿಲ್ಲ ಎಂಬುದೇ ನಮ್ಮ ಆಕ್ಷೇಪ.

ಕಿವಿಗೊಟ್ಟವರು ಇಲ್ಲವೆಂದಲ್ಲ. ಮರಾವಿ ನಗರದ ಮಿಂಡನಾವೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮರಿಯಾ ದೇಲಿಯಾ ಕೊರೊನೆಲ್ ಎಂಬ ಕ್ರೈಸ್ತ ಸನ್ಯಾಸಿನಿಯ ನೇತೃತ್ವದಲ್ಲಿ ದರಂಗೆನ್ ಇಂಗ್ಲಿಷ್ ಅನುವಾದದೊಂದಿಗೆ ಸಂಪುಟಗಳಾಗಿ ಬಂತು. ಇದು ದೊಡ್ಡ ಉಪಕಾರ. ಆದರೂ ಕೇಳುಗರ ಮುಖ ನೋಡಿ ಹಿಗ್ಗಿಸುವ, ಕುಗ್ಗಿಸುವ ಹಾಡುಗಾರನ ಜಾಣ್ಮೆ ಪುಸ್ತಕಕ್ಕೆ ಬಾರದು. ಕಾವ್ಯದ ಹಳೆಯ ನುಡಿ ಇಂದು ಹಿರಿಯರಿಗೆ, ಹಾಡುಗಾರರಿಗೆ, ವಿದ್ವಾಂಸರಿಗೆ ಮಾತ್ರ ಅರ್ಥವಾಗುತ್ತದೆ. ಸಾಲದೆಂಬಂತೆ, 2017ರಲ್ಲಿ ಐದು ತಿಂಗಳು ನಡೆದ ಕಾಳಗದಲ್ಲಿ ಮರಾವಿಯ ಹೃದಯಭಾಗವೇ ನೆಲಸಮವಾಗಿ ಲಕ್ಷಾಂತರ ಜನ ನಿರಾಶ್ರಿತರಾದರು. ರಾತ್ರಿಯಿಡೀ ಹಾಡಲು ಮದುವೆ ಮನೆ ಬೇಕು, ಕೂತು ಕೇಳುವ ಬಂಧುಬಳಗ ಬೇಕು. ಚದುರಿ ಹೋದ ಜನ ಅವನ್ನೆಲ್ಲಿಂದ ತಂದಾರು?

ಬಂಟುಗನ್‌ಗೆ ಬಿದ್ದ ಶಿಕ್ಷೆ ಈಗ ಅವನ ಕಾವ್ಯಕ್ಕೇ ಬಿದ್ದಂತಿದೆ. ಯುನೆಸ್ಕೊ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಅದು ತೀರದು. ಮರನಾವೊ ಮನೆಗಳಲ್ಲಿ ಅಜ್ಜಿಯೊಬ್ಬಳು ಹಾಡಿದ ಹಳೆಯ ಪದಕ್ಕೆ ಮೊಮ್ಮಗಳು ಅರ್ಥ ಕೇಳುವಂತಾಗಬೇಕು. ಅಂಥ ಮನೆಗಳು ಮತ್ತೆ ಎದ್ದು ನಿಲ್ಲುವುದಕ್ಕೂ ಈ ಸಾಹಿತ್ಯ ಉಳಿಯುವುದಕ್ಕೂ ನೇರ ಸಂಬಂಧವಿದೆ.