ಹೊಸ್ತಿಲ ಮುಂದಿನ ರೇಖಾಗಣಿತ

ಸುರಪುರದ ಏರುತಗ್ಗಿನ ಓಣಿಗಳಲ್ಲಿ ಪ್ರಾತಃಕಾಲ ಸಂಚರಿಸುವವರ ದೃಷ್ಟಿಯು ನಾಯಕ ಅರಸರ ಅರಮನೆಯನ್ನೋ ಗುಡ್ಡದ ಮೇಲಿನ ಟೇಲರ್ ಮಂಜಿಲನ್ನೋ ಅರಸುವುದು ಸಹಜವೇ. ಆದರೆ ಕ್ಷಣಕಾಲ ನಿಂತು ಕಾಲಡಿಯನ್ನು ನೋಡಿದವರಿಗೆ ಅದಕ್ಕಿಂತ ಸೂಕ್ಷ್ಮವಾದ ಶಿಲ್ಪವೊಂದು ಗೋಚರಿಸುತ್ತದೆ. ಭೀಮಾ ಸೀಮೆಯ ಸುಣ್ಣಕಲ್ಲು ಪದರುಪದರಾಗಿ ಸೀಳುವ ಗುಣವುಳ್ಳದ್ದಾದುದರಿಂದ, ಯಾದಗಿರಿ, ಶಹಾಪುರಗಳ ಅಂಗಳಗಳಲ್ಲಿಯೂ ಬೂದುಬಣ್ಣದ ಫರಸಿಯ ಹಾಸು ತಾನಾಗಿಯೇ ಚೌಕಗಳ ಜಾಲವಾಗಿರುತ್ತದೆ.

ಆ ಜಾಲದ ಮೇಲೆ, ನೀರು ಹೊಡೆದ ತೇವ ಆರುವ ಮುನ್ನವೇ, ಗೃಹಿಣಿಯೊಬ್ಬಳು ರಂಗೋಲಿಗಾಗಿ 7ರಿಂದ 4ರ ಸಂದುಚುಕ್ಕಿಯನ್ನಿಡುತ್ತಾಳೆ: ನಡುವಣ ಸಾಲಿನಲ್ಲಿ 7, ಅದರ ಮೇಲೂ ಕೆಳಗೂ ಕ್ರಮವಾಗಿ 6, 5, 4, ಒಟ್ಟು 37 ಚುಕ್ಕಿಗಳು. ಕೈವಾರವಿಲ್ಲ, ಅಳತೆಪಟ್ಟಿಯಿಲ್ಲ, ಆದರೂ ಷಟ್ಕೋನವು ಕಿಂಚಿತ್ತೂ ವಕ್ರವಾಗದೆ ನೆಲದ ಮೇಲೆ ಮೂಡುತ್ತದೆ. ಹೆಬ್ಬೆರಳು ತೋರುಬೆರಳುಗಳ ಸಂದಿನಿಂದ ಜಾರುವ ಪುಡಿ, ತಿರುವಿನಲ್ಲಿ ದಪ್ಪವಾಗದೆ, ನೇರದಲ್ಲಿ ಸೊರಗದೆ, ಚುಕ್ಕಿಗಳನ್ನು ಬಳಸಿ ಬಂದು ತನ್ನ ಆರಂಭವನ್ನೇ ಸೇರುವ ಆ ಕೂಡುತಾಣವನ್ನು ನಾನು ಬಗ್ಗಿ ಹುಡುಕಿದೆನು, ಕಾಣಲಿಲ್ಲ. ಚಿನ್ನದ ರೇಕಿನಿಂದ ಮೆರೆಯುವ ಸುರಪುರದ ಚಿತ್ರಕಲೆಗೆ ಸಲ್ಲುವ ಗೌರವದಲ್ಲಿ ಒಂದು ಪಾಲು ಈ ಕೈಗಳಿಗೂ ಸಲ್ಲತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಳೆಯ ಮನೆಗಳ ಬಾಗಿಲವಾಡದ ಮೇಲೆ ಬಡಗಿ ಕೊರೆದ ಕಮಲದ ಎಸಳುಗಳೂ, ಕಿಟಕಿಯ ಕಬ್ಬಿಣದ ಸರಳಿನ ವಜ್ರಾಕೃತಿಗಳೂ ಇದೇ ಕುಲದವು. ಅವು ನಾಳೆಗೂ ಇರುತ್ತವೆ. ಆದರೆ ರಂಗೋಲಿಯನ್ನು ನೋಡಬಯಸುವವರು ಬೆಳಗಿನ ಎಂಟು ಗಂಟೆಯೊಳಗೇ ಓಣಿಗೆ ಬರಬೇಕು. ಆಮೇಲೆ ಶಾಲೆಯ ಮಕ್ಕಳೂ ಮೋಟಾರು ಸೈಕಲ್ಲುಗಳೂ ಅದರ ಮೇಲೆಯೇ ಹಾದುಹೋಗುತ್ತವೆ.