ಹೇಮಗುಡ್ಡ ಯಾವ ಜಿಲ್ಲೆಯಲ್ಲಿದೆ? – ಮುಖವಾರು ಶೋಧ: ಒಂದು ವಿಮರ್ಶೆ

ಗ್ರಂಥಾಲಯದ ಗಣಕದ ಮುಂದೆ ಕುಳಿತು 'ಕೋಟೆ' ಎಂದು ಹುಡುಕಿದಿರಿ ಎಂದಿಟ್ಟುಕೊಳ್ಳಿ. ಸಾವಿರಾರು ದಾಖಲೆಗಳು ಬರುತ್ತವೆ. ತೆರೆಯ ಎಡಬದಿಯಲ್ಲಿ ಜಿಲ್ಲೆ, ಭಾಷೆ, ವರ್ಷ ಎಂಬ ತಲೆಬರಹಗಳಿರುತ್ತವೆ. ಅವುಗಳ ಕೆಳಗಿನ ಪ್ರತಿ ಹೆಸರಿನ ಪಕ್ಕದಲ್ಲೂ ಒಂದು ಸಂಖ್ಯೆ. 'ಕೊಪ್ಪಳ'ವನ್ನು ಒತ್ತಿದರೆ ಸಾವಿರ ನೂರಕ್ಕಿಳಿಯುತ್ತದೆ. 'ಕನ್ನಡ'ವನ್ನು ಒತ್ತಿದರೆ ನೂರು ಹತ್ತಕ್ಕಿಳಿಯುತ್ತದೆ. 'ಫ್ಯಾಸೆಟ್' ಎಂದರೆ ಹರಳಿನ ಮುಖ. ಆದ್ದರಿಂದ ಇದನ್ನು ಮುಖವಾರು ಶೋಧ ಎನ್ನೋಣ.

ಈ ಕಲ್ಪನೆ ಗಣಕಕ್ಕಿಂತ ಹಳೆಯದು. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದರು. ಒಂದು ಪುಸ್ತಕಕ್ಕೆ ಒಂದೇ ಗೂಡು ಎಂಬ ಕಟ್ಟುಪಾಡನ್ನು ಬಿಟ್ಟು, ಅದರ ವಿಷಯವನ್ನು ಹಲವು ಮುಖಗಳಾಗಿ ಬಿಡಿಸಿದರು. ಮುಂದೆ ವ್ಯಕ್ತಿತ್ವ, ದ್ರವ್ಯ, ಶಕ್ತಿ, ಸ್ಥಳ, ಕಾಲ ಎಂಬ ಐದು ಮೂಲ ವರ್ಗಗಳನ್ನು ನಿರೂಪಿಸಿದರು. ಭೌತವಿಜ್ಞಾನಿಗೆ ಈ ಪಟ್ಟಿ ಪರಿಚಿತವೆನಿಸದೆ ಇರದು! 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದವರೂ ಅವರೇ. 2004ರಲ್ಲಿ ರೂಪುಗೊಂಡು 2006ರಲ್ಲಿ ಅಪಾಚೆ ಪ್ರತಿಷ್ಠಾನದ ಕೈಸೇರಿದ ಮುಕ್ತ ತಂತ್ರಾಂಶ 'ಸೋಲರ್' ಮುಖವಾರು ಶೋಧವನ್ನು ಎಲ್ಲರ ಕೈಗೆಟುಕಿಸಿತು.

ಅದು ಕೆಲಸ ಮಾಡುವ ಬಗೆ ಸರಳ. ಪ್ರತಿ ದಾಖಲೆಗೂ ಯಾರೋ ಮೊದಲೇ ಚೀಟಿ ಅಂಟಿಸಿರುತ್ತಾರೆ. ತಂತ್ರಾಂಶ ಆ ಚೀಟಿಗಳನ್ನು ಎಣಿಸುತ್ತದೆ, ಅಷ್ಟೆ. ದೋಷವೂ ಇಲ್ಲೇ ಅಡಗಿದೆ.

ಗಂಗಾವತಿ ಸೀಮೆಯ ಹೇಮಗುಡ್ಡವನ್ನೇ ತೆಗೆದುಕೊಳ್ಳಿ. ಅಲ್ಲಿನ ಕೋಟೆ ಕದಲಿಲ್ಲ. ಆದರೆ ಅದರ ವಿಳಾಸ ಬದಲಾಗಿದೆ. 1956ರವರೆಗೆ ಈ ಭಾಗ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. 1997ರಲ್ಲಿ ರಾಯಚೂರು ಜಿಲ್ಲೆಯಿಂದ ಕೊಪ್ಪಳ ಜಿಲ್ಲೆ ಬೇರ್ಪಟ್ಟಿತು. ಈಚೆಗೆ ಗಂಗಾವತಿಯಿಂದ ಕನಕಗಿರಿ ಮತ್ತು ಕಾರಟಗಿ, ಯಲಬುರ್ಗಾದಿಂದ ಕುಕನೂರು ಪ್ರತ್ಯೇಕ ತಾಲ್ಲೂಕುಗಳಾದವು. ಹೀಗಿರುವಾಗ 'ಕೊಪ್ಪಳ ಜಿಲ್ಲೆ' ಎಂಬ ಮುಖವನ್ನು ಒತ್ತಿದವರಿಗೆ 1970ರ ರಾಯಚೂರು ಜಿಲ್ಲಾ ಗೆಜೆಟಿಯರ್ ಸಿಗುವುದೆ? ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕ ಶಾಸನಗಳನ್ನು ಕುರಿತ ಟರ್ನರ್ ಅವರ 1932ರ ಗ್ರಂಥ 'ಹೈದರಾಬಾದ್ ಪುರಾತತ್ತ್ವ ಮಾಲೆ'ಯಲ್ಲಿ ಪ್ರಕಟವಾಯಿತು. ಆ ಚೀಟಿ ಮಾತ್ರ ಇದ್ದರೆ ಅದೂ ಸಿಗದು. ಕೊಪ್ಪಳದ ವಿದ್ಯಾರ್ಥಿಗೆ ತನ್ನ ಊರಿನ ಚರಿತ್ರೆ 1997ರಲ್ಲೇ ಆರಂಭವಾದಂತೆ ತೋರುತ್ತದೆ. ರಂಗನಾಥನ್ ಬೇರ್ಪಡಿಸಿದ ಸ್ಥಳ ಮತ್ತು ಕಾಲಗಳನ್ನು ನಾವು 'ಜಿಲ್ಲೆ' ಎಂಬ ಒಂದೇ ಪದದಲ್ಲಿ ಮತ್ತೆ ಬೆರೆಸಿಬಿಟ್ಟಿದ್ದೇವೆ.

ಎರಡನೆಯ ದೋಷ ಸಂಖ್ಯೆಯದು. ನೂರು ದಾಖಲೆಗಳಲ್ಲಿ ಅರವತ್ತಕ್ಕೆ ಮಾತ್ರ ಜಿಲ್ಲೆಯ ಚೀಟಿ ಇದೆ ಎನ್ನೋಣ. ಉಳಿದ ನಲವತ್ತು ಯಾವ ಜಿಲ್ಲೆಯನ್ನು ಒತ್ತಿದರೂ ಮಾಯವಾಗುತ್ತವೆ. 'ಕೊಪ್ಪಳ 7' ಎಂದರೆ ಏಳೇ ಇವೆ ಎಂದಲ್ಲ, ಏಳಕ್ಕೆ ಚೀಟಿ ಇದೆ ಎಂದರ್ಥ. ಚೀಟಿಯಿಲ್ಲದವುಗಳನ್ನು ಎಣಿಸಿ ತೋರಿಸುವ ಸೌಲಭ್ಯ ಸೋಲರ್‌ನಲ್ಲಿ ಇದೆ. ಆದರೆ ನಾವಾಗಿ ಕೇಳದ ಹೊರತು ಅದು ತೋರಿಸುವುದಿಲ್ಲ. ದೋಷಮಿತಿಯನ್ನು ಮರೆಮಾಚಿ ಅಳತೆಯನ್ನಷ್ಟೇ ಹೇಳುವ ವರದಿಯನ್ನು ಪ್ರಯೋಗಶಾಲೆಯಲ್ಲಿ ನಾವು ಒಪ್ಪುತ್ತೇವೆಯೆ?

ಇನ್ನು ಫಲಿತಾಂಶಗಳನ್ನು ಉಳಿಸಿಡುವ ವಿಚಾರ. 1972ರಲ್ಲಿ ವಾಣಿಜ್ಯ ಸೇವೆಯಾಗಿ ತೆರೆದ 'ಡಯಲಾಗ್' ವ್ಯವಸ್ಥೆ ಪ್ರತಿ ಹುಡುಕಾಟದ ಫಲಿತಾಂಶಕ್ಕೂ ಒಂದು ಕ್ರಮಸಂಖ್ಯೆ ಕೊಡುತ್ತಿತ್ತು. ಒಂದನೆಯ ಗಣವನ್ನು ಎರಡನೆಯದರೊಡನೆ ಕೂಡಿಸಬಹುದಿತ್ತು, ಕಳೆಯಬಹುದಿತ್ತು. ಶಾಲೆಯಲ್ಲಿ ಕಲಿತ ಗಣಗಳ ಗಣಿತವೇ ಇದು. ಇಂದಿನ ಅನೇಕ ತಾಣಗಳಲ್ಲಿ 'ಉಳಿಸು' ಎಂಬ ಗುಂಡಿ ಏನನ್ನು ಉಳಿಸುತ್ತದೆ ಎಂಬುದೇ ಸ್ಪಷ್ಟವಿಲ್ಲ. ಪ್ರಶ್ನೆಯನ್ನು ಉಳಿಸಿದರೆ ನಾಳೆ ಉತ್ತರ ಬೇರೆಯಾಗಬಹುದು. ಹೊಸ ದಾಖಲೆಗಳು ಸೇರುತ್ತವೆ, ಚೀಟಿಗಳು ಬದಲಾಗುತ್ತವೆ. ಪಟ್ಟಿಯನ್ನು ಉಳಿಸಿದರೆ ಅದು ಇಂದಿನದೇ ಆಗಿ ನಿಲ್ಲುತ್ತದೆ, ಹೊಸದು ಸೇರದು. ಎರಡೂ ಬೇಕು. ಜೊತೆಗೆ ದಿನಾಂಕವೂ ಬೇಕು. ಪ್ರಶ್ನೆ, ಪಟ್ಟಿ, ದಿನಾಂಕ ಈ ಮೂರೂ ಇಲ್ಲದ ಶೋಧವನ್ನು ಮತ್ತೊಬ್ಬರು ಪರೀಕ್ಷಿಸಲಾರರು.

ಪರಿಹಾರವೇನೂ ದುಬಾರಿಯಲ್ಲ. ಪ್ರತಿ ದಾಖಲೆಗೂ ಊರಿನ ಹೆಸರು, ಪ್ರಕಟಣೆಯ ಕಾಲದ ಆಡಳಿತ ವಿಭಾಗ, ಇಂದಿನ ವಿಭಾಗ ಇವಿಷ್ಟನ್ನು ಬೇರೆ ಬೇರೆ ಅಂಕಣಗಳಲ್ಲಿ ದಾಖಲಿಸಬೇಕು. ಅಕ್ಷಾಂಶ, ರೇಖಾಂಶಗಳನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು. ಜಿಲ್ಲೆಯ ಗಡಿ ಎಷ್ಟು ಸಲ ಬದಲಾದರೂ ಅವು ಬದಲಾಗುವುದಿಲ್ಲ. 'ಚೀಟಿ ಇಲ್ಲದವು' ಎಂಬ ಸಾಲು ತೆರೆಯ ಮೇಲೆ ಕಾಣಲೇಬೇಕು. ಇದು ಯಂತ್ರದ ಕೆಲಸವಲ್ಲ, ಊರು ಬಲ್ಲವರ ಕೆಲಸ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಇದನ್ನು ಮಾಡಬಲ್ಲರು.

ಅಲ್ಲಿಯವರೆಗೆ ನೀವು ಒಂದು ಅಭ್ಯಾಸ ಮಾಡಿಕೊಳ್ಳಿ: ಮುಖವನ್ನು ಒತ್ತಿ ಫಲಿತಾಂಶ ನೋಡಿದ ಮೇಲೆ, ಆ ಒತ್ತನ್ನು ತೆಗೆದು ಊರಿನ ಹೆಸರನ್ನಷ್ಟೇ ಕೊಟ್ಟು ಇನ್ನೊಮ್ಮೆ ಹುಡುಕಿ. ಎರಡು ಪಟ್ಟಿಗಳ ನಡುವಿನ ವ್ಯತ್ಯಾಸದಲ್ಲೇ ನಿಮಗೆ ಬೇಕಾದ ಪುಸ್ತಕ ಇರಬಹುದು.